ಹಿಗ್ಗಿಗೆ ‘ಮಾಡು’ ಹತ್ತುವುದಿಲ್ಲ

ಶಿವಮೊಗ್ಗದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದು ಒಂದೇ ಒಂದು ಪದಕ್ಕೆ ಆಕ್ಷೇಪ ಎತ್ತಿದ್ದಾರೆ. ದೇವದೂತನ ಮಾತು ಕೇಳಿ ಬೆತ್ಲೆಹೇಮಿನ ಕುರುಬರ ಎದೆ ಹಿಗ್ಗಿತು ಎಂದು ನಾನು ಬರೆದದ್ದು ಅವರಿಗೆ ಸರಿಬಂದಿಲ್ಲ. “ಹಿಗ್ಗುವುದು ಅಹಂಕಾರದ ಲಕ್ಷಣ. ಹೊಗಳಿದರೆ ಹಿಗ್ಗಬೇಡ, ತೆಗಳಿದರೆ ಕುಗ್ಗಬೇಡ ಎಂದು ಹಿರಿಯರು ಹೇಳಿಲ್ಲವೇ? ದೇವರ ವಿಷಯ ಬರೆಯುವಾಗ ‘ಆನಂದ’ ಎನ್ನಿ, ‘ಪರಮಾನಂದ’ ಎನ್ನಿ. ಹಿಗ್ಗು ಆ ಎತ್ತರದ ಪದವಲ್ಲ” ಎನ್ನುವುದು ಅವರ ವಾದ.

ಪದವೊಂದಕ್ಕೆ ಎರಡು ಪುಟ ವ್ಯಯಿಸುವ ಓದುಗರು ಇರುವುದೇ ದೊಡ್ಡದು. ಆದರೆ ಈ ಪದವನ್ನು ನಾನು ಬಿಟ್ಟುಕೊಡಲಾರೆ. ಕ್ರಿಸ್ಮಸ್ಸಿಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಹಿರಿಯರ ಆ ಮಾತು ಎಚ್ಚರಿಸುವುದು ಹೊಗಳಿಕೆಯ ವಿರುದ್ಧ, ಹಿಗ್ಗಿನ ವಿರುದ್ಧ ಅಲ್ಲ. ಅಹಂಕಾರಕ್ಕೆ ನಮ್ಮಲ್ಲಿ ಬೇರೆಯೇ ಕ್ರಿಯಾಪದಗಳಿವೆ. ಎಣ್ಣೆಗೆ ಬಿದ್ದ ಪೂರಿ ಉಬ್ಬುತ್ತದೆ, ಒಳಗಿರುವುದು ಬರೀ ಗಾಳಿ. ಚುನಾವಣೆ ಗೆದ್ದವನು ಬೀಗುತ್ತಾನೆ, ಅವನ ಪಕ್ಕದಲ್ಲಿ ಇನ್ನೊಬ್ಬ ನಿಲ್ಲಲು ಜಾಗವಿರುವುದಿಲ್ಲ. ಹಿಗ್ಗುವುದು ಬೇರೆ ಜಾತಿಯ ಕೆಲಸ. ಮಳೆಗಾಲದಲ್ಲಿ ಹಲಸಿನ ಮರದ ಬಾಗಿಲು ಹಿಗ್ಗುತ್ತದೆ. ಬಿಸಿಲಿಗೆ ರೈಲು ಹಳಿ ಹಿಗ್ಗುತ್ತದೆ, ಅದಕ್ಕೇ ನಡುವೆ ಸಂದು ಬಿಡುತ್ತಾರೆ ಎಂದು ಶಾಲೆಯಲ್ಲಿ ಓದಿದ್ದೇವೆ. ದರ್ಜಿ ಬಟ್ಟೆಯನ್ನು ಎರಡು ಕೈಯಲ್ಲಿ ಎಳೆದು ನೋಡಿ “ಇದು ಹಿಗ್ಗುತ್ತೆ” ಎನ್ನುತ್ತಾನೆ. ಇಲ್ಲೆಲ್ಲ ವಸ್ತು ಅದೇ, ಒಳಗಿನ ಅವಕಾಶ ಮಾತ್ರ ಹೆಚ್ಚಾಗಿದೆ. ಹೊರಗಿನಿಂದ ಏನೋ ಬಂತು, ನೀರೋ ಶಾಖವೋ ಕೈಯೋ, ಅದಕ್ಕೆ ಇದು ಎಡೆಕೊಟ್ಟಿತು.

ಇನ್ನೊಂದು ವಿಷಯ ಗಮನಿಸಿ. ಖುಷಿ ಮಾಡಬಹುದು, ಮಜಾ ಮಾಡಬಹುದು. ಈಗಂತೂ ಎಲ್ಲವನ್ನೂ ಎಂಜಾಯ್ ಮಾಡಬಹುದು: ಊಟ, ಮಳೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಅರ್ಧ ಗಂಟೆ, ಕೊನೆಗೆ ಕ್ರಿಸ್ಮಸ್ ಕೂಡ. ಬೇಕರಿಯಲ್ಲಿ ಕೇಕಿನ ಡಬ್ಬಿ ಕೊಟ್ಟ ಹುಡುಗ ಮೊನ್ನೆ “ಕ್ರಿಸ್ಮಸ್ ಎಂಜಾಯ್ ಮಾಡಿ ಸಾರ್” ಎಂದ. ಅವನ ಮನಸ್ಸು ಒಳ್ಳೆಯದು, ಮುಖದಲ್ಲಿ ನಗುವಿತ್ತು. ಆದರೂ ಆ ‘ಮಾಡಿ’ ನನ್ನನ್ನು ಚುಚ್ಚಿತು. ಹಬ್ಬದ ಸಂತೋಷವೂ ನಾವೇ ಮಾಡಿ ಮುಗಿಸಬೇಕಾದ ಕೆಲಸದ ಪಟ್ಟಿಗೆ ಸೇರಿಹೋಯಿತಲ್ಲ ಎನಿಸಿತು. ಹಿಗ್ಗಿಗೆ ‘ಮಾಡು’ ಹತ್ತುವುದಿಲ್ಲ. “ಹಿಗ್ಗು ಮಾಡೋಣ ಬಾ” ಎಂದು ಯಾವ ಕನ್ನಡಿಗನೂ ಹೇಳಿದ್ದು ನಾನು ಕೇಳಿಲ್ಲ. ಹಿಗ್ಗುತ್ತೇವೆ, ಅಷ್ಟೇ. ಮಗಳು ಪಾಸಾದ ಸುದ್ದಿ ಕೇಳಿ ಹಿಗ್ಗುತ್ತೇವೆ, ದೂರ ಹೋದ ಮಗ ಬಸ್ಸಿಳಿದ ಎಂದು ತಿಳಿದು ಹಿಗ್ಗುತ್ತೇವೆ. ಬಹಳ ಸಲ ಅದರ ಹಿಂದೆ ಒಂದು ಸುದ್ದಿ ಇರುತ್ತದೆ, ಒಬ್ಬರ ಬರವು ಇರುತ್ತದೆ. ಶುಭಸಂದೇಶ ಎಂಬ ಹೆಸರಿನಲ್ಲೇ ಸುದ್ದಿಯನ್ನು ಇಟ್ಟುಕೊಂಡಿರುವ ಧರ್ಮಕ್ಕೆ ಇದಕ್ಕಿಂತ ಒಗ್ಗುವ ಕ್ರಿಯಾಪದ ಯಾವುದು?

ಇನ್ನು ‘ಹಿಗ್ಗಿ ಹೀರೇಕಾಯಿ’. ಈ ನುಡಿಗಟ್ಟಿನ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಈಗ ಇದನ್ನು ಪತ್ರಿಕೆಗಳು ಬಳಸುವುದು ಗೇಲಿಗೆ: ಟಿಕೆಟ್ ಸಿಕ್ಕ ರಾಜಕಾರಣಿ ಹಿಗ್ಗಿ ಹೀರೇಕಾಯಿಯಾದ, ಇತ್ಯಾದಿ. ಶಿವಮೊಗ್ಗದ ಓದುಗರ ಅನುಮಾನಕ್ಕೂ ಇದೇ ಬೇರು ಇರಬಹುದು. ‘ಹಿ’ ‘ಹೀ’ ಪ್ರಾಸ ಕೂಡಿತೆಂದು ಹೀರೇಕಾಯಿ ಬಂತು, ಅದರಾಚೆಗೆ ಅರ್ಥವಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೀರೆಯ ಬಳ್ಳಿಯನ್ನು ಸಾಕಿದವರು ಕಟ್ಟಿದ ಮಾತು ಇದು. ಚಪ್ಪರದ ಮೇಲೆ ಹಬ್ಬಿದ ಹೀರೆ ಹೂಬಿಡುವುದು ಬೆಳಗ್ಗೆ ಅಲ್ಲ, ಸಂಜೆ. ಹೊತ್ತು ಇಳಿಯುವಾಗ ಹಳದಿ ಹೂ ಅರಳಿ ರಾತ್ರಿಯೆಲ್ಲ ತೆರೆದೇ ಇರುತ್ತದೆ, ಪತಂಗಗಳು ಬರುತ್ತವೆ. ನಿನ್ನೆ ಬೆರಳಷ್ಟಿದ್ದ ಮಿಡಿ ನಾಲ್ಕು ದಿನ ಬಿಟ್ಟು ನೋಡಿದರೆ ಮೊಳದುದ್ದ. ಮೈಮೇಲೆ ಹತ್ತು ಏಣು, ಸಿಪ್ಪೆ ಹೆರೆದರೆ ಅದೂ ಚಟ್ನಿಗೆ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಹಿಗ್ಗುವ ದಿಕ್ಕು. ಉಬ್ಬಿದ್ದೆಲ್ಲ ಮೇಲಕ್ಕೇಳುತ್ತದೆ. ಹೀರೇಕಾಯಿ ಹಿಗ್ಗಿದಷ್ಟೂ ಕೆಳಗಿಳಿಯುತ್ತದೆ, ನೆಲದ ಕಡೆಗೆ, ಎಟುಕದವರ ಕೈಗೂ ಎಟುಕುವ ಹಾಗೆ. ಕೀಳದೆ ಬಿಟ್ಟರೆ ಬಲಿತು ಒಣಗಿ ಒಳಗೆಲ್ಲ ನಾರಿನ ಬಲೆಯಾಗಿ ಮೈ ಉಜ್ಜಲು ಒದಗುತ್ತದೆ. ಆ ಬಲೆಯಲ್ಲಿ ನಾರಿಗಿಂತ ಎಡೆಯೇ ಹೆಚ್ಚು. ಹಿಗ್ಗಿಗೆ ಈ ಕಾಯನ್ನು ಆರಿಸಿದವನು ಪ್ರಾಸಕ್ಕಾಗಿ ಆರಿಸಿದನೆಂದು ನಂಬುವುದು ನನ್ನಿಂದಾಗದು. ಕೆಳಗಿಳಿದು ಬಂದ ದೇವರನ್ನು ನೆನೆಯುವ ಹಬ್ಬದಲ್ಲಿ ಇದನ್ನು ಬಳಸಲು ನನಗೆ ಸಂಕೋಚವೂ ಇಲ್ಲ.

ಆನಂದ, ಸಂತೋಷಗಳ ಮೇಲೆ ನನಗೆ ಮುನಿಸಿಲ್ಲ. ಬೈಬಲಿನಲ್ಲಿ ಕುರುಬರು ಕೇಳಿದ್ದು ಮಹಾಸಂತೋಷದ ಸುದ್ದಿಯನ್ನೇ. ಆದರೆ ಸುದ್ದಿ ಎದೆಗೆ ಮುಟ್ಟಬೇಕಾದರೆ ಕೇಳುವವರ ಮನೆಮಾತಿನ ತಾಳಕ್ಕೆ ಇಳಿಯಬೇಕು. 1853ರಲ್ಲಿ ಸುವಾರ್ತೆ ಸಾರಲು ಬಾಸೆಲ್ ಮಿಶನ್ನಿನಿಂದ ಬಂದ ಫರ್ಡಿನೆಂಡ್ ಕಿಟೆಲ್ ಅದನ್ನು ಬೇಗ ಅರಿತುಕೊಂಡರು. 1862ರಲ್ಲಿ ಅವರು ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ ಎಂದು ಬರೆದರು. ಆಮೇಲೆ ಬದುಕಿನ ಬಹುಭಾಗ ಕನ್ನಡದ ಒಂದೊಂದೇ ಪದ, ಒಂದೊಂದೇ ಗಾದೆಯನ್ನು ಹೆಕ್ಕುವುದಕ್ಕೆ ಹೋಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಸುವಾರ್ತೆಯ ಕೆಲಸವನ್ನು ಬಿಟ್ಟು ಅವರು ಪದಗಳ ಹಿಂದೆ ಹೋದರು ಎನ್ನುತ್ತಾರೆ. ನನಗೆ ಅವೆರಡೂ ಒಂದೇ ಕೆಲಸದಂತೆ ಕಾಣುತ್ತವೆ.

ಹಿಗ್ಗು ಎಲ್ಲಿಂದ ಬಂತು ಎಂಬುದಕ್ಕೆ ಧಾತು, ಧ್ವನಿಬದಲಾವಣೆಗಳ ದಾರಿ ಇದ್ದೇ ಇದೆ, ಬಲ್ಲವರು ಅದನ್ನು ಹಿಡಿಯಲಿ. ನನ್ನದು ಬೇರೆ ಸಿದ್ಧಾಂತ, ಬಹಳ ಕಾಲದಿಂದ ಕಟ್ಟಿಕೊಂಡು ಬಂದದ್ದು: ಈ ಪದವನ್ನು ಹುಟ್ಟಿಸಿದವಳು ಬಸುರಿ ಹೆಂಗಸು. ದೇಹ ಹಿಗ್ಗುವುದೂ ಮನಸ್ಸು ಹಿಗ್ಗುವುದೂ ಒಂದೇ ಆಗಿರುವ ಸ್ಥಿತಿ ಮನುಷ್ಯರಲ್ಲಿ ಬೇರೆ ಯಾವುದಿದೆ? ಇನ್ನೊಂದು ಜೀವಕ್ಕೆ ಜಾಗ ಮಾಡಲು ಮೈ ನೋಯುತ್ತಾ ಹಿಗ್ಗುತ್ತದೆ, ನೋವಿನ ನಡುವೆಯೇ ಮುಖ ಬೆಳಗುತ್ತದೆ. ಎರಡಕ್ಕೂ ಒಂದೇ ಪದ ಸಾಕು ಎಂದು ಮೊದಲು ಅನಿಸಿದ್ದು ಅವಳಿಗಲ್ಲದೆ ಯಾರಿಗೆ?

ಇದಕ್ಕೆ ನನ್ನ ಸಾಕ್ಷಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯ. ಕ್ರಿಸ್ಮಸ್ಸಿನ ಹಿಗ್ಗು ಶುರುವಾಗುವುದು ಬೆತ್ಲೆಹೇಮಿನ ಬಯಲಿನಲ್ಲಿ ಅಲ್ಲ, ಯೂದಾಯದ ಬೆಟ್ಟದ ಸೀಮೆಯ ಒಂದು ಮನೆಯ ಹೊಸ್ತಿಲಲ್ಲಿ. ಮುಪ್ಪಿನಲ್ಲಿ ಬಸುರಾದ ಎಲಿಜಬೇತಳಿಗೆ ಆಗ ಆರು ತಿಂಗಳು. ಅವಳನ್ನು ನೋಡಲು ಹರೆಯದ ಮರಿಯ ಅವಸರದಿಂದ ಬರುತ್ತಾಳೆ. ಅವಳು ವಂದಿಸಿದ ದನಿ ಕಿವಿಗೆ ಬಿದ್ದದ್ದೇ ತಡ, ಎಲಿಜಬೇತಳ ಹೊಟ್ಟೆಯೊಳಗಿನ ಕೂಸು ನಲಿದಾಡುತ್ತದೆ. ದೊಡ್ಡವರು ಯಾರೂ ಇನ್ನೂ ಏನನ್ನೂ ಆಚರಿಸಿಲ್ಲ, ಒಂದು ದೀಪವೂ ಹತ್ತಿಲ್ಲ. ಹುಟ್ಟದ ಮಗುವಿಗೆ ಮೊದಲು ಗೊತ್ತಾಯಿತು. ಮರಿಯ ಹಾಡತೊಡಗುವುದು ಅಲ್ಲಿ, ಆ ಹೊಸ್ತಿಲಲ್ಲಿ, ಮುಂದೆ ತನಗೆ ಏನೇನು ಕಾದಿದೆಯೋ ತಿಳಿಯದೆ. ಒಬ್ಬಳು ಇನ್ನು ಮಕ್ಕಳಾಗುವುದಿಲ್ಲ ಎಂದು ಊರೇ ಕೈಬಿಟ್ಟವಳು, ಇನ್ನೊಬ್ಬಳು ಊರಿನ ಬಾಯಿಗೆ ಬೀಳಬಹುದಾದವಳು. ಇಬ್ಬರೂ ಮೂರು ತಿಂಗಳು ಒಂದೇ ಮನೆಯಲ್ಲಿದ್ದರು. ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಮೂರು ತಿಂಗಳು, ಲೂಕ ಒಂದೇ ವಾಕ್ಯದಲ್ಲಿ ದಾಟಿಹೋದ ಆ ಮೂರು ತಿಂಗಳು.

ಈ ಪದ ನನಗೆ ಪೂರ್ತಿ ತಿಳಿದದ್ದು ಮಾತ್ರ ನಮ್ಮ ದೊಡ್ಡವ್ವನಿಂದ. ಹಾಸನ ಸೀಮೆಯ ನಮ್ಮೂರಲ್ಲಿ ಕ್ರಿಸ್ಮಸ್ ಬರುವುದು ರಾಗಿ ಕೊಯ್ಲಿನ ಜೊತೆಗೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದೆವು. ಹಬ್ಬದ ಹೊತ್ತಿಗೆ ಅದು ಬೆರಳುದ್ದದ ಹಸಿರು ಪೈರಾಗಿ ಗೋದಲಿಯ ಮುಂದಿನ ಹುಲ್ಲುಗಾವಲಾಗುತ್ತಿತ್ತು. ದೊಡ್ಡಪ್ಪ ತೀರಿಕೊಂಡ ವರ್ಷ ಸಾವಿನ ಮನೆಗೆ ಹಬ್ಬವಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು. ಕಜ್ಜಾಯಕ್ಕೆ ಅಕ್ಕಿ ನೆನೆಹಾಕಲಿಲ್ಲ, ಬಿದಿರಿನ ನಕ್ಷತ್ರ ಅಟ್ಟದಿಂದ ಇಳಿಯಲಿಲ್ಲ. ಒಂದು ಬೆಳಗ್ಗೆ ನೋಡಿದರೆ ದೊಡ್ಡವ್ವ ಜಗುಲಿಯಲ್ಲಿ ಕುಳಿತು ತಟ್ಟೆಗೆ ರಾಗಿ ಚೆಲ್ಲುತ್ತಿದ್ದಳು. ಯಾರೂ ಏನೂ ಕೇಳಲಿಲ್ಲ. ನಡುರಾತ್ರಿ ಪೂಜೆಗೆ ಕಪ್ಪು ಅಂಚಿನ ಬಿಳಿ ಸೀರೆ ಉಟ್ಟು ಬಂದಳು. ಪೂಜೆ ಮುಗಿದ ಮೇಲೆ ಗೋದಲಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖ ಮಾತ್ರ ಅಳುವವರ ಮುಖವಾಗಿರಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳು ಕೈಹಿಡಿದು “ಯಾಕವ್ವ?” ಎಂದಳು. ದೊಡ್ಡವ್ವ ಹೇಳಿದಳು: “ಎದೆ ಹಿಗ್ತು ಕಣವ್ವ. ಅಳೂ ಅಲ್ಲೇ ಐತೆ, ಇದೂ ಅಲ್ಲೇ ಐತೆ. ಎರಡ್ಕೂ ಜಾಗ ಆಯ್ತು.”

ಓದು ಬರಹ ಬಾರದ ಹೆಂಗಸು ಆ ರಾತ್ರಿ ಪದದ ಅರ್ಥವನ್ನು ಅಂಗೈ ಮೇಲೆ ಇಟ್ಟಳು. ದುಃಖವನ್ನು ಹೊರಗೆ ಹಾಕಿದ ಮೇಲೆ ಬರುವುದು ಹಿಗ್ಗಲ್ಲ. ದುಃಖ ಇದ್ದ ಹಾಗೇ ಇದ್ದು, ಅದನ್ನು ಹಿಡಿದ ಪಾತ್ರೆ ದೊಡ್ಡದಾಗುವುದು ಹಿಗ್ಗು. ಆಮೇಲೆ ಬಹಳ ವರ್ಷ ಕಳೆದು ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರ ಓದುವಾಗ ಬೆಚ್ಚಿದೆ. ತಾನು ತಿಂದ ಪೆಟ್ಟು, ಸೆರೆವಾಸ, ಹಸಿವು, ನಿದ್ದೆಗೆಟ್ಟ ರಾತ್ರಿಗಳನ್ನೆಲ್ಲ ಎಣಿಸಿ, ದುಃಖದಲ್ಲಿದ್ದೂ ಸಂತೋಷವಾಗಿದ್ದೇವೆ ಎಂದು ಹೇಳಿ, ಮರುಗಳಿಗೆಗೇ ಅವನು ನಮ್ಮ ಹೃದಯ ಅಗಲವಾಗಿದೆ, ನಿಮ್ಮದನ್ನೂ ಅಗಲಮಾಡಿಕೊಳ್ಳಿ ಎಂಬರ್ಥದ ಮಾತಾಡುತ್ತಾನೆ. ದೊಡ್ಡವ್ವ ಅದನ್ನು ಓದಿರಲಿಲ್ಲ. ಬದುಕಿನಿಂದ ಅದೇ ಮಾತಿಗೆ ತಲುಪಿದ್ದಳು.

ಇದೇ ಪೌಲನ ಇನ್ನೊಂದು ಪತ್ರದಿಂದ ಆಗಮನ ಕಾಲದ ಮೂರನೆಯ ಭಾನುವಾರಕ್ಕೆ ಹೆಸರು ಬಂದಿದೆ: ಗೌದೇತೆ, ಸಂತೋಷಪಡಿರಿ ಎಂಬ ಲ್ಯಾಟಿನ್ ಪದ. ಅಂದು ಗುರುಗಳು ನೇರಳೆ ಬಣ್ಣದ ಉಡುಪು ಬಿಟ್ಟು ತಿಳಿಗುಲಾಬಿ ಬಣ್ಣದ್ದನ್ನು ತೊಡಬಹುದು, ಆಗಮನ ಕಾಲದ ನಾಲ್ಕು ಮೇಣದಬತ್ತಿಗಳಲ್ಲಿ ಗುಲಾಬಿಯದನ್ನು ಅಂದು ಹಚ್ಚುತ್ತಾರೆ. ಮಕ್ಕಳಿಗೆ ಇಷ್ಟು ಗೊತ್ತಿರುತ್ತದೆ. ಸಂತೋಷಪಡಿ ಎಂದವನು ಬೇಡಿ ಹಾಕಿಸಿಕೊಂಡು ಕೂತಿದ್ದ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಫಿಲಿಪ್ಪಿಯವರಿಗೆ ಅವನು ಬರೆದ ಆ ಚಿಕ್ಕ ಪತ್ರ ಸೆರೆಯಿಂದ ಬಂದದ್ದು, ಆದರೂ ಅದರ ತುಂಬ ಸಂತೋಷದ ಮಾತೇ. ಫಿಲಿಪ್ಪಿಯವರಿಗೆ ಅದು ಬರೀ ಉಪದೇಶವಾಗಿ ಕೇಳಿಸಿರಲಾರದು. ಹಿಂದೆ ಅವರದೇ ಊರಿನ ಸೆರೆಮನೆಯಲ್ಲಿ, ಬೆನ್ನಿಗೆ ಛಡಿ ಏಟು ಬಿದ್ದು ಕಾಲಿಗೆ ಕೋಳ ಹಾಕಿದ್ದಾಗ, ಪೌಲ ಮತ್ತು ಸೀಲ ನಡುರಾತ್ರಿಯಲ್ಲಿ ಹಾಡಿದ್ದರು. ಉಳಿದ ಕೈದಿಗಳು ಕೇಳುತ್ತಿದ್ದರು ಎನ್ನುತ್ತದೆ ಪ್ರೇಷಿತರ ಕಾರ್ಯಕಲಾಪ. ಅಲ್ಲಿ ಎಂಜಾಯ್ ಮಾಡುವಂಥದ್ದು ಏನಿತ್ತು?

ಮೇಲೆ ಗೋದಲಿ ಎಂದೆನಲ್ಲ, ಆ ಪದಕ್ಕೂ ಈಗ ಕಷ್ಟಕಾಲ. ಪಟ್ಟಣದ ಮಕ್ಕಳು ಕ್ರಿಬ್ ಎನ್ನುತ್ತಾರೆ. ಗೋದಲಿ ಎನ್ನುವವರೂ ಹುಲ್ಲುಮಾಡು, ಗೊಂಬೆಗಳು, ನಕ್ಷತ್ರ, ಬಲ್ಬಿನ ಸರ ಎಲ್ಲ ಸೇರಿದ ಅಲಂಕಾರಕ್ಕೆ ಹಾಗೆನ್ನುತ್ತಾರೆ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಉತ್ತರ ಕರ್ನಾಟಕದವರ ಬಾಯಲ್ಲಿ ಗ್ವಾದಲಿ. ದನಗಳು ನೆಕ್ಕಿ ನೆಕ್ಕಿ ಅದರ ಅಂಚು ನುಣುಪಾಗಿರುತ್ತದೆ. ಛತ್ರದಲ್ಲಿ ಜಾಗ ಸಿಗದೆ ತಾಯಿ ಹಸುಗೂಸನ್ನು ಮಲಗಿಸಿದ್ದು ಅಂಥದ್ದರಲ್ಲಿ. ಲೂಕ ಎತ್ತನ್ನೂ ಹೇಳುವುದಿಲ್ಲ, ಕತ್ತೆಯನ್ನೂ ಹೇಳುವುದಿಲ್ಲ, ತೊಟ್ಟಿಯನ್ನು ಮಾತ್ರ ಹೇಳುತ್ತಾನೆ. ಎತ್ತು, ಕತ್ತೆಗಳನ್ನು ಜನ ಆಮೇಲೆ ಯೆಶಾಯನ ಪ್ರವಾದನೆಯಿಂದ ಕರೆತಂದರು.

ಅವುಗಳನ್ನು ಜೀವಸಹಿತ ಕರೆತಂದವನು ಅಸ್ಸೀಸಿಯ ಫ್ರಾನ್ಸಿಸ್. ಅದು 1223ರ ಮಾತು, ಇಟಲಿಯ ಗ್ರೆಚ್ಚಿಯೊ ಎಂಬ ಊರು. ಮೂರು ವರ್ಷದಲ್ಲಿ ತೀರಿಕೊಳ್ಳಲಿದ್ದ, ಆರೋಗ್ಯ ಕೆಟ್ಟಿದ್ದ ಫ್ರಾನ್ಸಿಸ್, ಆ ಕೂಸು ಪಟ್ಟ ಕಷ್ಟವನ್ನು ನನ್ನ ಕಣ್ಣಿಂದಲೇ ನೋಡಬೇಕು ಎಂದು ಹಟ ಹಿಡಿದು ಗೋದಲಿ, ಒಣಹುಲ್ಲು, ಎತ್ತು, ಕತ್ತೆ ಎಲ್ಲವನ್ನೂ ಗುಡ್ಡದ ಮೇಲೆ ತರಿಸಿದ. ಜನ ಪಂಜು ಹಿಡಿದು ಬಂದರು. ಅವನ ಚರಿತ್ರೆ ಬರೆದ ಚೆಲಾನೊದ ಥಾಮಸ್ ಒಂದು ಸಂಗತಿಯನ್ನು ದಾಖಲಿಸಿದ್ದಾನೆ, ಪದಗಳ ಬೆನ್ನು ಹತ್ತಿದ ನನ್ನಂಥವರಿಗೆ ಅದು ನಿಧಿ. ಬೆತ್ಲೆಹೇಮ್ ಎಂಬ ಪದ ಬಂದಾಗಲೆಲ್ಲ ಫ್ರಾನ್ಸಿಸ್ ಅದನ್ನು ಕುರಿಮರಿಯ ಹಾಗೆ ‘ಬೇ’ ಎಂದು ಎಳೆದು ಹೇಳುತ್ತಿದ್ದನಂತೆ. ಯೇಸುವಿನ ಹೆಸರು ಬಂದರೆ ಆ ಸವಿಯನ್ನು ನುಂಗುವವನಂತೆ ತುಟಿ ಸವರಿಕೊಳ್ಳುತ್ತಿದ್ದನಂತೆ. ಹಿಗ್ಗು ಉಚ್ಚಾರಣೆಯನ್ನೇ ಹಿಗ್ಗಿಸಿದ ಇಂಥ ಉದಾಹರಣೆ ಇನ್ನೊಂದನ್ನು ನಾನು ಓದಿಲ್ಲ. ಆ ಗೋದಲಿಯ ಹುಲ್ಲನ್ನು ಜನ ಎತ್ತಿಟ್ಟುಕೊಂಡು ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರು, ಅವು ಗುಣವಾದವು ಎಂದೂ ಥಾಮಸ್ ಬರೆಯುತ್ತಾನೆ. ದನ ಸಾಕಿದ ನಮ್ಮೂರಿನವರಿಗೆ ಹೇಳಿದರೆ ಇದರಲ್ಲಿ ನಂಬದಿರುವಂಥದ್ದು ಏನಿದೆ ಎಂದು ಕೇಳುತ್ತಾರೆ.

ಡಿಸೆಂಬರ್ ತಿಂಗಳಿಡೀ ಬೆಂಗಳೂರಿನ ಮಾಲುಗಳಲ್ಲಿ ಮೊಳಗುವ ‘ಜಾಯ್ ಟು ದ ವರ್ಲ್ಡ್’ ಬಗ್ಗೆಯೂ ಒಂದು ಮಾತು. 1719ರಲ್ಲಿ ಐಸಾಕ್ ವಾಟ್ಸ್ ಅದನ್ನು 98ನೆಯ ಕೀರ್ತನೆಯ ಆಧಾರದಲ್ಲಿ ಬರೆದದ್ದು ಕ್ರಿಸ್ಮಸ್ಸಿಗಾಗಿ ಅಲ್ಲ. ಅದರಲ್ಲಿ ಗೋದಲಿಯಿಲ್ಲ, ಕುರುಬರಿಲ್ಲ, ನಕ್ಷತ್ರವಿಲ್ಲ. ಬರುವ ಅರಸನಿಗೆ ಎದೆಯಲ್ಲಿ ಎಡೆ ಮಾಡಿಕೊಡುವ ಮಾತು ಮಾತ್ರ ಮೊದಲ ಚರಣದಲ್ಲೇ ಇದೆ. ಅಂಗಡಿಯವರು ಆ ಹಾಡನ್ನು ಹಾಕಿ, ಅದರ ಕೆಳಗೆ ನಮ್ಮ ಮನೆಯ ಕಪಾಟಿನಲ್ಲಿ ಇದ್ದ ಅಲ್ಪ ಜಾಗವನ್ನೂ ತುಂಬಿಸುವ ಸಾಮಾನು ಮಾರುತ್ತಾರೆ. ನನಗೆ ಇದು ನೋವಿನ ಸಂಗತಿ. ಕೊಳ್ಳುವ ಬಡಪಾಯಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಸಂತೋಷವನ್ನೇ ಹುಡುಕುತ್ತಿದ್ದಾರೆ.

ಪೇಟೆಯ ಕ್ರಿಸ್ಮಸ್ 25ರ ರಾತ್ರಿಗೆ ಮುಗಿಯುತ್ತದೆ, 26ಕ್ಕೆ ನಕ್ಷತ್ರಗಳು ಅರ್ಧ ಬೆಲೆಗೆ. ಚರ್ಚಿನ ಕ್ರಿಸ್ಮಸ್ ಶುರುವಾಗುವುದೇ ಆಗ. ಜನವರಿ 6ರಂದು ಮೂಡಣದ ಜೋಯಿಸರ ಹಬ್ಬ, ನಲವತ್ತನೆಯ ದಿನ, ಅಂದರೆ ಫೆಬ್ರವರಿ 2ರಂದು, ಕೂಸನ್ನು ದೇವಾಲಯಕ್ಕೆ ಒಪ್ಪಿಸಿದ ಹಬ್ಬ. ಗೋದಲಿಯನ್ನು ಅಲ್ಲಿಯವರೆಗೂ ಬಿಚ್ಚದೆ ಇಡುವ ಹಳೆಯ ಪದ್ಧತಿಯೊಂದಿದೆ, ಅದನ್ನು ಉಳಿಸಿಕೊಳ್ಳಿ ಎಂದು ಈ ಅಂಕಣದ ಓದುಗರನ್ನು ಕೇಳಿಕೊಳ್ಳುತ್ತೇನೆ. ಯಾಕೆಂದರೆ ಆ ದಿನದ ಓದಿನಲ್ಲಿ ಇಬ್ಬರು ಮುದುಕರು ಬರುತ್ತಾರೆ. ಕೂಸನ್ನು ಕೈಗೆತ್ತಿಕೊಂಡ ಸಿಮೆಯೋನನ ಮಾತನ್ನು ಲೂಕ ಬರೆದಿಟ್ಟಿದ್ದಾನೆ, ಅದನ್ನು ಚರ್ಚು ಇಂದಿಗೂ ರಾತ್ರಿಯ ಪ್ರಾರ್ಥನೆಯಲ್ಲಿ ಹೇಳುತ್ತದೆ. ಇನ್ನೊಬ್ಬಳು ಅನ್ನ ಎಂಬ ಪ್ರವಾದಿನಿ. ಅವಳು ಕೂಸಿನ ವಿಷಯವನ್ನು ಕಾದಿದ್ದವರಿಗೆಲ್ಲ ಹೇಳಿದಳು ಎಂದು ಬರೆದ ಲೂಕ, ಹೇಳಿದ್ದೇನೆಂದು ಬರೆಯಲೇ ಇಲ್ಲ. ನನಗೆ ಬೇಕಾಗಿದ್ದದ್ದು ಅವಳ ಮಾತು. ಏಳೇ ವರ್ಷ ಸಂಸಾರ ಮಾಡಿ, ಗಂಡನನ್ನು ಕಳೆದುಕೊಂಡು, ಉಳಿದ ಆಯುಷ್ಯವನ್ನೆಲ್ಲ ದೇವಾಲಯದ ಅಂಗಳದಲ್ಲಿ ಉಪವಾಸ ಪ್ರಾರ್ಥನೆಗಳಲ್ಲಿ ಸವೆಸಿದ ಆ ಹಣ್ಣುಮುದುಕಿ, ಎದುರಾದ ಒಬ್ಬೊಬ್ಬರನ್ನೇ ತಡೆದು ನಿಲ್ಲಿಸಿ ಹೇಳಿದಳಲ್ಲ, ಯಾವ ಪದಗಳಲ್ಲಿ ಹೇಳಿದಳು?